ಮೂವತ್ತಾರು ಕೋಣೆಗಳು ಮತ್ತು ಒಂದು ಮಿನಾರು

ಕಳೆದ ರಜಬ್ ತಿಂಗಳ ಒಂದು ರಾತ್ರಿ, ಇಶಾ ನಮಾಝಿನ ನಂತರ, ಪುಟ್ಟೇನಹಳ್ಳಿಯ ನಮ್ಮ ಮೊಹಲ್ಲಾದ ಹತ್ತು ಹನ್ನೆರಡು ಮಂದಿ ಒಂದು ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದೆವು. ಮಕ್ಕಳಿಗಾಗಿ ಕಟ್ಟಬೇಕೆಂದಿರುವ ಮದ್ರಸದ ನಕ್ಷೆ ಅದು. ಮುಂಭಾಗದಲ್ಲಿ ದೊಡ್ಡದೊಂದು ಕಮಾನು, ಅದರ ಎರಡೂ ಬದಿಗೆ ಎತ್ತರದ ಮಿನಾರುಗಳು, ನಡುವೆ ಹಸಿರು ಗುಮ್ಮಟ. ಹಿಂದೆ ಎರಡು ಕೋಣೆಗಳು. ಹಣ ಮುಗಿಯುವ ಸಂಭವವಿದ್ದುದರಿಂದ ಮೊದಲು ಮುಂಭಾಗವನ್ನು ಮುಗಿಸಿಬಿಡುವುದೆಂದೂ ಕೋಣೆಗಳನ್ನು ಆಮೇಲೆ ಒಂದೊಂದಾಗಿ ಸೇರಿಸುವುದೆಂದೂ ಮಾತಾಗಿತ್ತು. ಹಿರಿಯರೊಬ್ಬರು, "ದೂರದಿಂದ ನೋಡಿದವರಿಗೆ ಇದು ಮದ್ರಸ ಎಂದು ತಿಳಿಯಬೇಕಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಟ್ಟಡವೆಂದರೆ ದೂರದವರಿಗೂ ಕೇಳಿಸುವ ಮಾತು. ಆದರೆ ನನ್ನ ಮನಸ್ಸು ಮಾತ್ರ ಆ ನಕ್ಷೆಯನ್ನು ಬಿಟ್ಟು ಬೀದರಿಗೆ ಹೋಗಿತ್ತು.

ಕರ್ನಾಟಕದ ನೆಲದಲ್ಲಿ ಇಂದಿಗೂ ನಿಂತಿರುವ ಹಳೆಯ ವಿದ್ಯಾಕೇಂದ್ರಗಳಲ್ಲಿ ಖ್ವಾಜಾ ಮಹ್ಮೂದ್ ಗವಾನ್ ರವರ ಮದ್ರಸಕ್ಕೆ ವಿಶಿಷ್ಟ ಸ್ಥಾನವಿದೆ. 'ಮದ್ರಸ' ಎಂಬ ಪದವನ್ನು ಕೇಳಿದೊಡನೆ ಇಂದಿನ ಕನ್ನಡ ಓದುಗರ ಕಣ್ಣಿಗೆ ಮಸೀದಿಯ ಪಕ್ಕದ ಒಂದು ಚಿಕ್ಕ ಪಾಠಶಾಲೆ ಬರುತ್ತದೆ. ಬೀದರಿನದು ಹಾಗಲ್ಲ. ಅದು ತನ್ನ ಕಾಲದ ವಿಶ್ವವಿದ್ಯಾಲಯ. ವಿದ್ಯಾರ್ಥಿ, ಗುರು, ಗ್ರಂಥ, ಆರಾಧನೆ, ಊಟ, ನಿದ್ರೆ ಇಷ್ಟನ್ನೂ ಒಂದೇ ಆವರಣದೊಳಗೆ ಒಟ್ಟುಗೂಡಿಸಿದ ಕ್ಯಾಂಪಸ್.

ಗವಾನ್ ರವರು ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತದಲ್ಲಿ, 15ನೇ ಶತಮಾನದ ಆರಂಭದಲ್ಲಿ. ಸುಮಾರು 1453ರಲ್ಲಿ ವ್ಯಾಪಾರಿಯಾಗಿ ಕೊಂಕಣ ತೀರದ ದಾಭೋಳ ಬಂದರಿನಲ್ಲಿ ಇಳಿದರು. ಅಲ್ಲಿಂದ ಬಹಮನಿ ರಾಜಧಾನಿ ಬೀದರಿಗೆ ಬಂದರು. ಕುದುರೆ, ಬಟ್ಟೆಗಳ ವ್ಯಾಪಾರಕ್ಕೆ ಬಂದವರು ಸುಲ್ತಾನರ ಸೇವೆಗೆ ಸೇರಿ, ಕೊನೆಗೆ ಮೂರನೇ ಮುಹಮ್ಮದ್ ಶಾಹನ ಪ್ರಧಾನ ಮಂತ್ರಿಯಾದರು. ರಾಜ್ಯದ ಪ್ರಾಂತಗಳನ್ನು ಮರುವಿಂಗಡಿಸಿದರು, ಭೂಮಿಯ ಅಳತೆ ಮಾಡಿಸಿದರು, ಸರದಾರರ ಅಧಿಕಾರಕ್ಕೆ ಕಡಿವಾಣ ಹಾಕಿದರು. ಪಾರ್ಸಿ ಗದ್ಯದಲ್ಲಿ ಅವರು ಬರೆದ ಪತ್ರಗಳ ಸಂಕಲನ 'ರಿಯಾಝುಲ್ ಇನ್ಶಾ' ಇಂದಿಗೂ ಉಳಿದಿದೆ. ಇವೆಲ್ಲವೂ ಚರಿತ್ರೆಯ ಪುಸ್ತಕಗಳಲ್ಲಿ ವಿವರವಾಗಿ ಇವೆ. ನನ್ನ ಆಸಕ್ತಿ ಅವರು ಕಟ್ಟಿಸಿದ ಆ ಕಟ್ಟಡದಲ್ಲಿ.

ಕಟ್ಟಡದ ಅಳತೆ ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ಮೂರು ಅಂತಸ್ತು. ಮಧ್ಯದಲ್ಲಿ ಆಕಾಶಕ್ಕೆ ತೆರೆದ ಚೌಕಾಕಾರದ ಅಂಗಳ. ಪೂರ್ವಕ್ಕೆ ಮುಖ್ಯ ದ್ವಾರ, ಅದರ ಎರಡು ತುದಿಗಳಲ್ಲಿ ತಲಾ ಒಂದು ಮಿನಾರು. ಉಳಿದಿರುವ ಈಶಾನ್ಯದ ಮಿನಾರು ಸುಮಾರು 131 ಅಡಿ ಎತ್ತರವಿದೆ. ಗೋಡೆಯ ಮೇಲೆ ನೀಲಿ, ಹಸಿರು, ಹಳದಿ, ಬಿಳಿ ಬಣ್ಣಗಳ ಮೆರುಗು ಹೆಂಚುಗಳು, ಅವುಗಳಲ್ಲಿ ಕುರ್‌ಆನ್ ವಚನಗಳ ಸುಂದರ ಲಿಪಿ. ಮಿನಾರಿನ ಹೊಟ್ಟೆಯ ಸುತ್ತ ಅಂಕುಡೊಂಕಾದ ಪಟ್ಟಿಗಳು. ಖುರಾಸಾನ್, ಸಮರ್‌ಕಂದಗಳ ಮದ್ರಸಗಳನ್ನು ಬಲ್ಲವರು ಇದನ್ನು ನೋಡಿದರೆ ದಖ್ಖನಿನ ಕೆಂಪು ಮಣ್ಣಿನ ಮೇಲೆ ಮಧ್ಯ ಏಷ್ಯಾದ ಒಂದು ಚೂರು ಬಂದು ಕುಳಿತಿದೆ ಎಂದೇ ಭಾವಿಸುವರು. ಬಹುಶಃ ಕಟ್ಟಿಸಿದವರ ಉದ್ದೇಶವೂ ಅದೇ ಇದ್ದಿರಬೇಕು. ಹೆರಾತ್, ಶೀರಾಝ್‌ಗಳ ವಿದ್ವಾಂಸನೊಬ್ಬ ಸಮುದ್ರ ದಾಟಿ ಬೀದರಿಗೆ ಬಂದರೆ, ಈ ಬಾಗಿಲನ್ನು ಕಂಡು ತನ್ನ ಊರಿನ ಬಾಗಿಲನ್ನು ನೆನೆಯಬೇಕು. ಇಲ್ಲಿಯೂ ಓದು ನಡೆಯುತ್ತದೆ ಎಂಬ ಭರವಸೆ ಅವನಿಗೆ ಸಿಗಬೇಕು.

ಆದರೆ ನಾನು ಮೊದಲ ಬಾರಿ ಅಲ್ಲಿಗೆ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಹೆಂಚುಗಳಲ್ಲ, ಕೋಣೆಗಳು. ವಿದ್ಯಾರ್ಥಿಗಳಿಗೆ ಮೂವತ್ತಾರು ಕೋಣೆಗಳು. ಗುರುಗಳ ವಾಸಕ್ಕೆ ಆರು ಪ್ರತ್ಯೇಕ ವಿಭಾಗಗಳು. ಉಪನ್ಯಾಸದ ದೊಡ್ಡ ಸಭಾಂಗಣಗಳು. ಒಂದು ಮಸೀದಿ. ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಲಾಗುವ ಒಂದು ಗ್ರಂಥಾಲಯ. ಕೋಣೆಗಳು ಚಿಕ್ಕವು, ಗೋಡೆಗಳು ದಪ್ಪ. ಬೀದರಿನ ಮೇ ತಿಂಗಳ ಬಿಸಿಲಿನಲ್ಲಿಯೂ ಒಳಗೆ ತಂಪು. ಒಂದು ಕೋಣೆಯೊಳಗೆ ಗೋಡೆಗೆ ಒರಗಿ ಕುಳಿತಾಗ, ಮದ್ರಸದಲ್ಲಿ ನಾನು ಕಳೆದ ಏಳು ವರ್ಷಗಳು ನೆನಪಾದವು. ನಾವು ಹದಿನೆಂಟು ಹುಡುಗರು ಒಂದೇ ಹಜಾರದಲ್ಲಿ ಮಲಗುತ್ತಿದ್ದೆವು. ಒಬ್ಬನಿಗೆ ಪಾಠ ಕಂಠಸ್ಥವಾಗಬೇಕಾದರೆ ಇನ್ನೊಬ್ಬನು ಎಚ್ಚರದಿಂದಿರಬೇಕಾಗುತ್ತಿತ್ತು. ಐನೂರೈವತ್ತು ವರ್ಷಗಳ ಹಿಂದೆ ಒಬ್ಬ ಮಂತ್ರಿ, ಓದುವ ಹುಡುಗನಿಗೆ ಒಂದು ಗೋಡೆ, ಒಂದು ಗೂಡು, ಒಂದು ಮೌನ ಬೇಕೆಂದು ಯೋಚಿಸಿದ್ದರು. ವಾಸಕ್ಕೂ ಊಟಕ್ಕೂ ಅವರಿಂದ ಹಣ ಕೇಳುತ್ತಿರಲಿಲ್ಲ.

ಇದರ ಮೂಲ ಎಲ್ಲಿದೆಯೆಂದು ಕೇಳಿದರೆ ಮದೀನಾದತ್ತ ನೋಡಬೇಕು. ಪ್ರವಾದಿ(ಸ)ರವರ ಮಸೀದಿಯ ಒಂದು ಬದಿಯಲ್ಲಿ ಖರ್ಜೂರದ ಗರಿಗಳ ನೆರಳಿದ್ದ ಜಗುಲಿಯೊಂದಿತ್ತು. ಅದಕ್ಕೆ 'ಸುಫ್ಫ' ಎಂದು ಹೆಸರು. ಮನೆಮಠವಿಲ್ಲದ, ಕಲಿಯಲೆಂದು ಬಂದ ಬಡವರು ಅಲ್ಲಿಯೇ ಇರುತ್ತಿದ್ದರು, ಅಲ್ಲಿಯೇ ಉಣ್ಣುತ್ತಿದ್ದರು. ಹಝ್ರತ್ ಅಬೂ ಹುರೈರಾ(ರ) ಅವರಲ್ಲೊಬ್ಬರು. ಅದಕ್ಕೆ ಕಮಾನೂ ಇರಲಿಲ್ಲ, ಮಿನಾರೂ ಇರಲಿಲ್ಲ. ನಂತರದ ಶತಮಾನಗಳಲ್ಲಿ ಫೆಝ್‌ನಲ್ಲಿ ಕ್ರಿ.ಶ. 859ರಲ್ಲಿ ಫಾತಿಮಾ ಅಲ್ ಫಿಹ್ರೀ ಎಂಬ ಮಹಿಳೆ ಕಟ್ಟಿಸಿದರೆಂದು ಪ್ರಸಿದ್ಧವಾದ ಖರವಿಯ್ಯೀನ್, ಕೈರೋದ ಅಲ್ ಅಝ್‌ಹರ್, 11ನೇ ಶತಮಾನದ ಬಗ್ದಾದಿನ ನಿಝಾಮಿಯ್ಯಾ ಇವೆಲ್ಲವೂ ಆ ಜಗುಲಿಯ ವಿಸ್ತಾರಗಳೇ. ಬೀದರಿನ ಮೂವತ್ತಾರು ಕೋಣೆಗಳೂ ಅದೇ ಸಾಲಿನವು.

ಈ ಕಟ್ಟಡ ಯಾವ ವರ್ಷ ಮುಗಿಯಿತೆಂಬುದನ್ನು ತಿಳಿಸುವ ರೀತಿಯೂ ಸೊಗಸಾಗಿದೆ. ಅರಬಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಉಂಟು. ಅದಕ್ಕೆ ಅಬ್ಜದ್ ಎನ್ನುತ್ತಾರೆ. ನಮ್ಮ ಸಂಸ್ಕೃತ, ಕನ್ನಡ ಪರಂಪರೆಯ ಕಟಪಯಾದಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಮದ್ರಸ ಮುಗಿದಾಗ ಸಾಮಿ ಎಂಬ ಕವಿ ಅದರ ವರ್ಷವನ್ನು ಸೂಚಿಸಲು ತನ್ನದೇ ಪದಗಳನ್ನು ಹೊಸೆಯಲಿಲ್ಲ. ಸೂರಃ ಅಲ್ ಬಕರದ 127ನೇ ವಚನದಲ್ಲಿ, ಹಝ್ರತ್ ಇಬ್ರಾಹೀಮ್ ಮತ್ತು ಹಝ್ರತ್ ಇಸ್ಮಾಯೀಲ್(ಅ) ಕಅಬಾದ ಅಸ್ತಿವಾರವನ್ನು ಎತ್ತುತ್ತ ಮಾಡಿದ ಪ್ರಾರ್ಥನೆಯಿದೆ. ತಾವು ಮಾಡಿದ್ದನ್ನು ಸ್ವೀಕರಿಸೆಂದು ಪ್ರಭುವನ್ನು ಬೇಡುವ ಅದರ ಮೊದಲ ಮೂರು ಪದಗಳನ್ನು ಅವನು ಆರಿಸಿಕೊಂಡನು. ಮೊದಲ ಪದದ ಬೆಲೆ 253, ಎರಡನೆಯದು 532, ಮೂರನೆಯದು 91. ಕೂಡಿದರೆ 876. ಹಿಜರಿ 876 ಎಂದರೆ ಕ್ರಿ.ಶ. 1471ರ ಮಧ್ಯದಿಂದ 1472ರ ಮಧ್ಯದವರೆಗಿನ ವರ್ಷ. ಈ ಲೆಕ್ಕವನ್ನು ನಾನು ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಂದ ಬೋರ್ಡಿನ ಮೇಲೆ ಮಾಡಿಸುತ್ತೇನೆ. ಮಕ್ಕಳು ಉತ್ತರ ಸರಿಬಂದಾಗ ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಬೇರೊಂದು ಯೋಚನೆ. ರಾಜ್ಯದಲ್ಲಿ ಸುಲ್ತಾನನ ನಂತರದ ಅತಿ ಬಲಿಷ್ಠ ವ್ಯಕ್ತಿ ಕಟ್ಟಿಸಿದ ಅತಿ ಭವ್ಯ ಕಟ್ಟಡವನ್ನು ಆ ಕವಿ ಒಂದು ಅರ್ಜಿಯಂತೆ ಓದಿದನು. ಇದು ಸ್ವೀಕೃತವಾಗಿದೆ ಎಂದಲ್ಲ, ಸ್ವೀಕೃತವಾಗಲಿ ಎಂದು.

ಮುಂದಿನದು ಎಲ್ಲರಿಗೂ ಗೊತ್ತಿರುವ ದುಃಖದ ಕಥೆ. ಗವಾನ್ ರವರ ಏಳಿಗೆಯನ್ನು ಸಹಿಸದವರು ಅವರ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ಒಡಿಶಾದ ಅರಸನಿಗೆ ಬರೆದಂತೆ ದ್ರೋಹದ ಪತ್ರವನ್ನು ಸೃಷ್ಟಿಸಿದರು. ಸುಲ್ತಾನನು ವಿಚಾರಣೆಯನ್ನೇ ಮಾಡದೆ 1481ರ ಏಪ್ರಿಲ್ 5ರಂದು ಆ ವೃದ್ಧನ ತಲೆ ಕಡಿಸಿದನು. ಅವರ ಸಂಪತ್ತನ್ನು ಹುಡುಕಿದಾಗ ಸಿಕ್ಕಿದ್ದು ಅಲ್ಪ. ಮಂತ್ರಿಯಾದವರು ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದರೆಂದು ಚರಿತ್ರಕಾರ ಫರಿಶ್ತಾ ಬರೆದಿದ್ದಾನೆ. ಸುಲ್ತಾನನು ಮರುವರ್ಷವೇ ತೀರಿಕೊಂಡನು. ಬಹಮನಿ ರಾಜ್ಯ ಒಡೆದು ಐದಾಯಿತು.

ಕಟ್ಟಡದ ಗತಿಯೋ? 1657ರಲ್ಲಿ ಔರಂಗಝೇಬನು ಬೀದರನ್ನು ವಶಪಡಿಸಿಕೊಂಡನು. ಆ ಶತಮಾನ ಮುಗಿಯುವ ವೇಳೆಗೆ ಮದ್ರಸದ ಕೋಣೆಗಳಲ್ಲಿ ಸೈನಿಕರು ತಂಗಿದ್ದರು. ಹಸ್ತಪ್ರತಿಗಳಿದ್ದ ಕಡೆ ಸಿಡಿಮದ್ದು ಬಂದಿತ್ತು. ಅದು ಸ್ಫೋಟಿಸಿತು. ಮುಖ್ಯ ದ್ವಾರ, ದಕ್ಷಿಣದ ಮಿನಾರು, ಮುಂಭಾಗದ ಬಹುಪಾಲು ಕುಸಿದುಹೋದವು. ಇದನ್ನು ಹೇಳುವಾಗ ನಮ್ಮವರಲ್ಲಿ ಕೆಲವರು ಸಿಡಿಲು ಬಡಿಯಿತೆಂದು ಹೇಳಿ ಮುಗಿಸಿಬಿಡುತ್ತಾರೆ. ಸಿಡಿಲೇ ಬಡಿದಿರಲಿ, ಓದುವ ಕೋಣೆಯಲ್ಲಿ ಮದ್ದಿನ ಚೀಲವನ್ನು ಇಟ್ಟದ್ದು ಸಿಡಿಲಲ್ಲವಲ್ಲ. ಹೊರಗಿನವರಾರೂ ಬಂದು ಅದನ್ನು ಹಾಳುಗೆಡಹಲಿಲ್ಲ. ಕಲಿಮೆ ಹೇಳುವ ಕೈಗಳೇ ಅದನ್ನು ಅಲ್ಲಿ ತಂದಿಟ್ಟವು. ನಮ್ಮ ಚರಿತ್ರೆಯನ್ನು ನಾವೇ ಬರೆಯುವಾಗ ಈ ಮಾತನ್ನೂ ಬರೆಯಬೇಕಾಗುತ್ತದೆ.

ಈಗ ಪುಟ್ಟೇನಹಳ್ಳಿಯ ಹತ್ತಿರಕ್ಕೆ ಬರೋಣ. ನಮ್ಮ ಮಕ್ಕಳಿಗೆ ಬೀದರು ಒಂದು ರಾತ್ರಿಯ ಪ್ರಯಾಣ. ಯಶವಂತಪುರದ ಭಾರತೀಯ ವಿಜ್ಞಾನ ಸಂಸ್ಥೆ ಒಂದು ಬಸ್ಸಿನ ದೂರ. ಆಟೋದವರು ಇಂದಿಗೂ ಅದನ್ನು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುತ್ತಾರೆ. ವರ್ಷಕ್ಕೊಮ್ಮೆ ಅವರು ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನದಂದು ನಾನು ಒಂದಿಷ್ಟು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಕಟ್ಟಡದ ಮುಂದೆ ನಿಂತು, ಅದರ ಬೂದುಬಣ್ಣದ ಕಲ್ಲಿನ ಗೋಪುರವನ್ನು ಕತ್ತೆತ್ತಿ ನೋಡಿ, ಆರನೆಯ ತರಗತಿಯ ಹುಡುಗನೊಬ್ಬ, "ಉಸ್ತಾದ್, ಇದೂ ಮಿನಾರಾ?" ಎಂದು ಕೇಳಿದನು.

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ಮೈಸೂರು ಅರಸರು ಕೊಟ್ಟ 370ಕ್ಕೂ ಹೆಚ್ಚು ಎಕರೆ ಬಯಲಿನಲ್ಲಿ, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಈ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಮುಂಬಯಿಯ ಸ್ಟೀವನ್ಸ್ ಸಂಸ್ಥೆಯವರು. ಕನಸು ಕಂಡ ಜಮ್ಶೇದ್‌ಜಿ ಟಾಟಾ 1904ರಲ್ಲಿಯೇ ತೀರಿಕೊಂಡಿದ್ದರು. ಅವರು ಇದರ ಒಂದು ಕಲ್ಲನ್ನೂ ನೋಡಲಿಲ್ಲ. ಸುತ್ತ ಹೊಲಗದ್ದೆಗಳಿದ್ದ ಕಾಲದಲ್ಲಿ ಆ ಗೋಪುರ ದೂರದಿಂದ ಕಾಣುವುದಕ್ಕಾಗಿಯೇ ಎದ್ದದ್ದು. ಇಲ್ಲಿ ವಿದ್ಯೆ ನಡೆಯುತ್ತಿದೆ ಎಂದು ಸಾರುವ ಕೆಲಸವನ್ನು ಬೀದರಿನ ಮಿನಾರು ಮಾಡಿದಂತೆ ಇದೂ ಮಾಡಿತು. ಯುರೋಪಿನ ಪುರಭವನಗಳಿಂದ ಬಂದ ಆಕಾರ ಅದು, ಬೀದರಿನದು ಖುರಾಸಾನಿನಿಂದ ಬಂದಂತೆ. ಎರಡೂ ದೂರದ ಊರಿನ ವಿದ್ಯೆಯ ಗೌರವವನ್ನು ಈ ನೆಲಕ್ಕೆ ಆಮಂತ್ರಿಸುತ್ತಿದ್ದವು.

ಆದರೆ ಅದೇ ಆವರಣದಲ್ಲಿ ಇನ್ನೊಂದು ಬಗೆಯ ಕಟ್ಟಡಗಳಿವೆ. ಗೋಪುರವನ್ನು ನೋಡಿ ಮರಳುವ ಪ್ರವಾಸಿಗರು ಅವನ್ನು ಗಮನಿಸುವುದಿಲ್ಲ. ವಿಮಾನ ವಿಜ್ಞಾನ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಮತ್ತು ಸಭಾಂಗಣ: 1940ರ ದಶಕದ ಈ ಕಟ್ಟಡಗಳನ್ನು ರೂಪಿಸಿದವರು ಓಟ್ಟೋ ಕ್ಯೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನು ಅಧಿಕಾರಕ್ಕೆ ಬಂದಾಗ ಕೆಲಸ ಕಳೆದುಕೊಂಡು ಮೊದಲು ಈಜಿಪ್ಟಿಗೆ ಹೋದರು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅದಕ್ಕೂ ಮೊದಲೇ ಸಿ.ವಿ. ರಾಮನ್ ರವರ ಆಹ್ವಾನದ ಮೇರೆಗೆ ಕೆಲವು ತಿಂಗಳು ಇದೇ ಸಂಸ್ಥೆಯಲ್ಲಿದ್ದು ಹೋಗಿದ್ದರು. ಕ್ಯೋನಿಗ್ಸ್‌ಬರ್ಗರರನ್ನು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯನ್ನಾಗಿ ಬರಮಾಡಿಕೊಂಡ ಆಡಳಿತದ ದಿವಾನರು ಸರ್ ಮಿರ್ಝಾ ಇಸ್ಮಾಯೀಲ್. ಊರಿಲ್ಲದ ಒಬ್ಬ ಯಹೂದಿಗೆ ಒಬ್ಬ ಮುಸ್ಲಿಮ್ ದಿವಾನ, ಒಬ್ಬ ಹಿಂದೂ ಅರಸನ ರಾಜ್ಯದಲ್ಲಿ, ವಿದ್ಯಾಮಂದಿರಗಳನ್ನು ಕಟ್ಟುವ ಕೆಲಸ ಕೊಟ್ಟರು. ಈ ಒಂದು ವಾಕ್ಯವನ್ನು ನಾನು ಮಕ್ಕಳಿಗೆ ಎರಡು ಬಾರಿ ಹೇಳಿದೆನು.

ಆ ಕಟ್ಟಡಗಳಲ್ಲಿ ಗೋಪುರವಿಲ್ಲ, ಗುಮ್ಮಟವಿಲ್ಲ. ಬಿಸಿಲು ಯಾವ ಕಡೆಯಿಂದ ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಳೆಯ ಎರಚಲನ್ನು ತಡೆಯಲು ಛಜ್ಜಾ ಎಷ್ಟು ಮುಂದಕ್ಕೆ ಚಾಚಬೇಕು ಎಂಬ ಲೆಕ್ಕ ಮಾತ್ರ ಇದೆ. ಮುಂದೆ ಅವರು ಲಂಡನ್ನಿನಲ್ಲಿ ಉಷ್ಣವಲಯದ ಕಟ್ಟಡಗಳ ಶಾಸ್ತ್ರವನ್ನೇ ಬೋಧಿಸಿದರು. ಅದರ ಮೊದಲ ಪಾಠಗಳನ್ನು ಅವರು ಕಲಿತದ್ದು ನಮ್ಮ ಮೈಸೂರು ಸೀಮೆಯ ಬಿಸಿಲಿನಲ್ಲಿ. ಬೀದರಿನ ದಪ್ಪ ಗೋಡೆಯ ತಂಪು ಕೋಣೆ ಮತ್ತು ಯಶವಂತಪುರದ ಈ ಗಾಳಿಯಾಡುವ ಮೊಗಸಾಲೆ, ನನಗೆ ಕಂಡಂತೆ, ಒಂದೇ ಕುಟುಂಬದವು. ಇವು ದೂರದವರಿಗೆ ಏನನ್ನೂ ಸಾರುವುದಿಲ್ಲ. ಒಳಗೆ ಕುಳಿತವನ ಬಗ್ಗೆ ಯೋಚಿಸುತ್ತವೆ.

ಹಾಗೆಂದು ಮುಂಭಾಗಗಳನ್ನು ಹಗುರಾಗಿ ಕಾಣುವಂತಿಲ್ಲ. ಕೆಲವೊಮ್ಮೆ ಕಟ್ಟಡದ ಮುಖವು ಅದರ ಒಡೆಯನಿಗಿಂತ ದೊಡ್ಡ ಮಾತನ್ನು ಆಡಿಬಿಡುತ್ತದೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಲಾ ಕಾಲೇಜು ಅಂಥದೊಂದು. ಬೀದರ್, ಕಲಬುರಗಿ, ರಾಯಚೂರುಗಳು ನಿಝಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆ ಭಾಗದ ಕನ್ನಡಿಗರಿಗೂ ಅದೇ ವಿಶ್ವವಿದ್ಯಾಲಯ. 1918ರಲ್ಲಿ ಆರಂಭವಾದಾಗ ಭಾರತೀಯ ಭಾಷೆಯೊಂದನ್ನು, ಉರ್ದುವನ್ನು, ಉನ್ನತ ಶಿಕ್ಷಣದ ಮಾಧ್ಯಮವಾಗಿಸಿದ್ದು ಅದರ ಹಿರಿಮೆ. ಕಟ್ಟಡಕ್ಕಾಗಿ ನವಾಬ್ ಝೈನ್ ಯಾರ್ ಜಂಗ್ ಮತ್ತು ಸಯ್ಯದ್ ಅಲಿ ರಝಾ ಎಂಬ ಇಬ್ಬರು ವಾಸ್ತುಶಿಲ್ಪಿಗಳು ದೇಶದೇಶಗಳ ವಿಶ್ವವಿದ್ಯಾಲಯಗಳನ್ನು ಸುತ್ತಿ ಬಂದರು; ಬೆಲ್ಜಿಯಮ್ಮಿನ ಅರ್ನೆಸ್ಟ್ ಜಾಸ್ಪರ್ ವಿನ್ಯಾಸಕ್ಕೆ ನೆರವಾದರು. 1939ರ ಡಿಸೆಂಬರಿನಲ್ಲಿ ಅದರ ಉದ್ಘಾಟನೆಯಾಯಿತು. ಕೆಳಗೆ ಅಜಂತಾ, ಎಲ್ಲೋರಾದ ಗುಹೆಗಳನ್ನು ನೆನಪಿಸುವ ಕಂಬಗಳು. ಮೇಲೆ ಮಸೀದಿಯ ಚೂಪು ಕಮಾನುಗಳು. ಎರಡು ಪರಂಪರೆಗಳೂ ಒಂದೇ ಗ್ರಾನೈಟಿನಲ್ಲಿ ಒಂದರ ಭಾರವನ್ನು ಇನ್ನೊಂದು ಹೊತ್ತು ನಿಂತಿವೆ. ಇದಕ್ಕಿಂತ ಚೆನ್ನಾಗಿ ಆ ಮಾತನ್ನು ಕಲ್ಲಿನಲ್ಲಿ ಹೇಳುವುದು ಕಷ್ಟ.

ಆದರೆ ಆ ಉದ್ಘಾಟನೆಗೆ ಒಂದು ವರ್ಷ ಮೊದಲು, 1938ರ ಕೊನೆಯಲ್ಲಿ, ಅದೇ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ವಂದೇ ಮಾತರಂ ಹಾಡಿದರೆಂದು ನೂರಾರು ಹಿಂದೂ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಆ ಹಾಡಿನ ಕುರಿತು ಮುಸ್ಲಿಮರಿಗೆ ಇರುವ ಆಕ್ಷೇಪ ಬೇರೆಯ ವಿಷಯ. ಅದನ್ನು ನಾನಿಲ್ಲಿ ಚರ್ಚಿಸಲಾರೆ. ತಾನು ಹಾಡದಿರುವುದು ಒಂದು, ಹಾಡಿದ ಹುಡುಗನ ಹಾಸಿಗೆಯನ್ನು ಬೀದಿಗೆ ಎಸೆಯುವುದು ಇನ್ನೊಂದು. ಕಲಾ ಕಾಲೇಜಿನ ಕಂಬಗಳು ಕಮಾನುಗಳನ್ನು ಹೊರಲು ಸಿದ್ಧವಾಗುತ್ತಿದ್ದ ತಿಂಗಳುಗಳಲ್ಲಿಯೇ, ಕಂಬದ ಪರಂಪರೆಯ ಮಕ್ಕಳಿಗೆ ಕೋಣೆಯಿಲ್ಲವಾಯಿತು. ಇನ್ನೊಂದು ವಿಚಿತ್ರವೂ ಉಂಟು. ಸಂಸ್ಥಾನದ ಪ್ರಜೆಗಳಲ್ಲಿ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡ. ಬೀದರಿನ ಹುಡುಗನು ತನ್ನ ತಾಯ್ನುಡಿಯಲ್ಲಿ ಆ ಭವ್ಯ ದ್ವಾರವನ್ನು ಪ್ರವೇಶಿಸುವಂತಿರಲಿಲ್ಲ. ಉರ್ದುವನ್ನು ಪ್ರೀತಿಸುವ, ಅದರಲ್ಲಿಯೇ ಓದಿದ ನಾನು ಇದನ್ನು ಸಂಕಟದಿಂದಲೇ ಬರೆಯುತ್ತಿದ್ದೇನೆ.

ಕನ್ನಡದ ಮಟ್ಟಿಗೆ ಈ ಕೊರತೆಯನ್ನು ತುಂಬುವ ಕೆಲಸ ಮೈಸೂರಿನಲ್ಲಿ ನಡೆಯಿತು. ಅಲ್ಲಿ ಕುಲಪತಿಯಾಗಿದ್ದ ಕುವೆಂಪು ವಿಶ್ವವಿದ್ಯಾಲಯದ ಹೊಸ ಆವರಣಕ್ಕೆ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟರು. ಕಲ್ಲಿಲ್ಲದೆ, ಹೆಂಚಿಲ್ಲದೆ, ಒಂದು ಪದದಿಂದಲೇ ಮುಂಭಾಗವನ್ನು ಕಟ್ಟಿದ್ದು ಅದು. ಬಿ.ಎ.ಯಲ್ಲಿ ಕನ್ನಡ ಓದುವಾಗ ನಮ್ಮ ಮೇಷ್ಟ್ರು ಆ ಹೆಸರನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರು.

ನಮ್ಮ ಮೊಹಲ್ಲಾದ ನಕ್ಷೆಯ ವಿಷಯ ಅಲ್ಲಿಗೇ ಬಿಟ್ಟಿದ್ದೆ. ಅಂದು ರಾತ್ರಿ ನಾನು ಇಷ್ಟೆಲ್ಲವನ್ನೂ ಹೇಳಲಿಲ್ಲ. ಹೇಳಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ. ಬೀದರಿನಲ್ಲಿ ಮೂವತ್ತಾರು ಕೋಣೆಗಳಿದ್ದವು ಎಂದಷ್ಟೇ ಹೇಳಿದೆನು. ಹಿರಿಯರು, "ಅಲ್ಲಿ ಮಿನಾರೂ ಇತ್ತಲ್ಲ" ಎಂದರು. ಇತ್ತು, ಎರಡಿದ್ದವು, ಒಂದು ಉಳಿದಿದೆ ಎಂದೆನು. ಕೆಲಹೊತ್ತು ಯಾರೂ ಮಾತನಾಡಲಿಲ್ಲ. ನಂತರ ತರುಣನೊಬ್ಬ, ನಮ್ಮ ಮದ್ರಸದಲ್ಲಿ ರಾತ್ರಿ ಉಳಿದು ಓದಬೇಕಾದ ಮಕ್ಕಳು ಒಟ್ಟು ಎಷ್ಟು ಎಂದು ಕೇಳಿದನು. ಯಾರಿಗೂ ಗೊತ್ತಿರಲಿಲ್ಲ, ಎಣಿಸಿರಲಿಲ್ಲ. ನಕ್ಷೆಯ ಹಿಂಬದಿಯ ಖಾಲಿ ಹಾಳೆಯ ಮೇಲೆ ಅವನು ಬೀದಿ ಬೀದಿಯಾಗಿ, ಮನೆ ಮನೆಯಾಗಿ ಹೆಸರುಗಳನ್ನು ಬರೆಯತೊಡಗಿದನು. ಕೂಲಿಗೆ ಬಂದು ಕೆರೆಯಾಚೆಗೆ ಶೆಡ್ಡುಗಳಲ್ಲಿರುವ ಕುಟುಂಬಗಳ ಮಕ್ಕಳನ್ನು ಸೇರಿಸಬೇಕೇ ಎಂಬ ಬಗ್ಗೆ ಸ್ವಲ್ಪ ವಾದವಾಯಿತು, ಸೇರಿಸಿದರು. ಪಟ್ಟಿ ನಲವತ್ತೊಂದಕ್ಕೆ ಬಂದಾಗ ಹನ್ನೊಂದು ಗಂಟೆಯಾಗಿತ್ತು. ಹಾಳೆಯಲ್ಲಿ ಜಾಗ ಮುಗಿದು ಅವನು ಅಂಚಿನಲ್ಲಿ ಬರೆಯುತ್ತಿದ್ದನು.